ಯಾವ ಹಾಡು, ಎಷ್ಟನೇ ನಿಮಿಷ: ಕತ್ರಿಗುಪ್ಪೆ ತಾರಸಿ ಮೇಲೆ ನಾವು ಹಿಪ್‌ಹಾಪ್ ಲಿಸ್ಟ್ ಮಾಡಿದ್ದು

ಒಂದೂವರೆ ವರ್ಷದಿಂದ ನಾವು ಐದು ಜನ ಸೇರ್ಕೊಂಡು ಒಂದು ಲಿಸ್ಟ್ ಮಾಡ್ತಾ ಇದೀವಿ. ಹಿಪ್‌ಹಾಪಲ್ಲಿ ಬೆಸ್ಟ್ ಆಲ್ಬಮ್ ಯಾವ್ದು, ಬೆಸ್ಟ್ ಹಾಡು ಯಾವ್ದು, ರ‍್ಯಾಪರ್‌ಗಳಲ್ಲಿ ಯಾರು ಮೇಲೆ ಅಂತ. ಐದು ಜನ ಅಂದ್ರೆ ನಾನು, ನನ್ನ ತಂಗಿ, ಪೀಣ್ಯದಲ್ಲಿ ನನ್ ಜೊತೆ ಕೆಲ್ಸ ಮಾಡೋ ಬಿಜಾಪುರದ ಹುಡುಗ, ಪಕ್ಕದ ರೋಡಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರೋ ನನ್ ಸ್ಕೂಲ್ ಫ್ರೆಂಡು, ಮತ್ತೆ ಮೈಸೂರಿಂದ ಬಂದು ಇಲ್ಲೇ ಪಿಜಿಲಿರೋ ಒಬ್ಬ ಗೆಳೆಯ. ಜಾಗ ಕತ್ರಿಗುಪ್ಪೇಲಿ ನಮ್ಮನೆ ತಾರಸಿ, ಟೈಮು ಭಾನುವಾರ ಸಂಜೆ. ಹೇಗ್ ಮಾಡ್ತೀರ, ಜಗಳ ಆಗಲ್ವಾ ಅಂತ ಗೊತ್ತಿರೋರೆಲ್ಲ ಕೇಳ್ತಾರೆ, ಆಗತ್ತೆ, ಆದ್ರೆ ಈಗ ಆಗೋ ಜಗಳಕ್ಕೂ ಮೊದ್ಲು ಆಗ್ತಿದ್ದ ಜಗಳಕ್ಕೂ ತುಂಬಾ ವ್ಯತ್ಯಾಸ ಇದೆ, ಅದನ್ನೇ ಬರೀತೀನಿ.

ಮೊದ್ಲು ಇದು ವಾಟ್ಸಾಪ್ ಗ್ರೂಪಲ್ಲಿ ನಡೀತಿತ್ತು. ರಾತ್ರಿ ಹನ್ನೊಂದಕ್ಕೆ ಯಾರೋ ಒಬ್ರು ಅಮೆರಿಕದ ರ‍್ಯಾಪರ್‌ಗಳಲ್ಲಿ ಟೂಪಾಕ್ ದೊಡ್ಡೋನಾ ಬಿಗ್ಗಿ ದೊಡ್ಡೋನಾ ಅಂತ ಹಾಕೋದು, ಒಂದು ಗಂಟೆವರ್ಗೂ ಕಿತ್ತಾಡೋದು, ಬೆಳಿಗ್ಗೆ ಎದ್ದು ನೋಡಿದ್ರೆ ಇನ್ನೂರು ಮೆಸೇಜು, ಅದ್ರಲ್ಲಿ ಒಂದೇ ಒಂದು ಹಾಡಿನ ಬಗ್ಗೆ ಮಾತಿಲ್ಲ. ಎಷ್ಟು ಕಾಪಿ ಮಾರಾಟ ಆಯ್ತು, ಯಾರ್ ಯಾರನ್ನ ಹೊಗಳಿದ್ರು, ಯಾವ ಮ್ಯಾಗಜೀನು ಎಷ್ಟನೇ ನಂಬರ್ ಕೊಡ್ತು, ಇಷ್ಟೇ. ಒಂದ್ಸಲ ಮೈಸೂರಿನವನು ಬೇಜಾರಾಗಿ ಗ್ರೂಪ್ ಬಿಟ್ಟೇ ಹೋದ. ಅವನನ್ನ ವಾಪಸ್ ಕರ್ಕೊಂಡ್ ಬರೋಕೆ ಅಂತ ಭಾನುವಾರ ಮನೆಗೆ ಕರೆದಿದ್ದು, ಅಲ್ಲಿಂದ ಶುರುವಾಗಿದ್ದು ಈ ತಾರಸಿ ಕಥೆ.

ಆ ದಿನ ಎಲ್ಲರೂ ಒಂದೊಂದು ಹಾಳೆ ತಗೊಂಡು ಟಾಪ್ ಟೆನ್ ಆಲ್ಬಮ್ ಬರೀರಿ ಅಂದೆ. ಐದೂ ಹಾಳೆ ಪಕ್ಕ ಪಕ್ಕ ಇಟ್ರೆ ಹತ್ರ ಹತ್ರ ಒಂದೇ ಲಿಸ್ಟು. ಅಷ್ಟು ಕಿತ್ತಾಡ್ತಿದ್ದೋರ್ ಲಿಸ್ಟು ಒಂದೇ ಥರ ಹೆಂಗಾಯ್ತು? ಎಲ್ರೂ ಅಮೆರಿಕದ ಅದೇ ಎರಡು ಮೂರು ಲಿಸ್ಟ್ ನೋಡಿ ಬಾಯಿಪಾಠ ಮಾಡಿದ್ವಿ, ಅದಕ್ಕೆ. ತಂಗಿ ಆಗ ಒಂದು ಪ್ರಶ್ನೆ ಕೇಳಿದ್ಲು, ಇದ್ರಲ್ಲಿ ಮೊದ್ಲಿಂದ ಕೊನೇವರ್ಗೂ ಒಂದೇ ಸಲಕ್ಕೆ ಕೂತು ಕೇಳಿರೋದು ಎಷ್ಟು ಅಂತ ನಿಜ ಹೇಳಿ. ನನ್ನ ಹತ್ತರಲ್ಲಿ ಮೂರು. ಬೇರೆಯವ್ರದ್ದೂ ಹೆಚ್ಚುಕಮ್ಮಿ ಅಷ್ಟೇ.

ಆ ಲಿಸ್ಟ್‌ಗಳನ್ನ ತಪ್ಪು ಅಂತಿಲ್ಲ ನಾನು. ಆದ್ರೆ ಅವೇ ಒಂದಕ್ಕೊಂದು ಒಪ್ಪಲ್ಲ ಅನ್ನೋದನ್ನ ನಾವು ಗಮನಿಸಿರ್ಲಿಲ್ಲ. ರೋಲಿಂಗ್ ಸ್ಟೋನ್ ಮ್ಯಾಗಜೀನು 2022ರಲ್ಲಿ ಇನ್ನೂರು ಹಿಪ್‌ಹಾಪ್ ಆಲ್ಬಮ್ ಲಿಸ್ಟ್ ಮಾಡ್ದಾಗ ಮೊದಲನೇದು ಬಿಗ್ಗಿಯ ರೆಡಿ ಟು ಡೈ. ಆಪಲ್ ಮ್ಯೂಸಿಕ್ 2024ರಲ್ಲಿ ಎಲ್ಲಾ ಥರದ ಸಂಗೀತನೂ ಸೇರಿಸಿ ನೂರು ಆಲ್ಬಮ್ ಆರಿಸ್ದಾಗ ಒಂದನೇ ಜಾಗ ಲಾರಿನ್ ಹಿಲ್‌ಗೆ, 1998ರ ಮಿಸ್‌ಎಜುಕೇಶನ್‌ಗೆ. ಬಿಲ್‌ಬೋರ್ಡ್, ವೈಬ್ ಎರಡೂ ಸೇರಿ 2023ರಲ್ಲಿ ಐವತ್ತು ರ‍್ಯಾಪರ್‌ಗಳನ್ನ ಸಾಲಾಗಿ ನಿಲ್ಲಿಸ್ದಾಗ ಮೊದಲು ಜೇ ಜೀ, ಆಮೇಲೆ ಕೆಂಡ್ರಿಕ್ ಲಮಾರ್, ಆಮೇಲೆ ನಾಸ್. ಅಲ್ಲಿ ಕೂತೋರಿಗೇ ಒಮ್ಮತ ಇಲ್ಲ ಅಂದ್ಮೇಲೆ ನಾವ್ಯಾಕೆ ಅವರ ನಂಬರ್ ಹಿಡ್ಕೊಂಡು ಕಿತ್ತಾಡ್ಬೇಕು, ಕೇಳಿ ನಮ್ದೇ ಒಂದು ಮಾಡೋಣ ಅಂತ ಆಯ್ತು.

ಮೊದಲನೇ ನಿಯಮ ಸುಲಭ. ಆಲ್ಬಮ್ ಹೆಸರು ಹೇಳ್ಬೇಕು ಅಂದ್ರೆ ಪೂರ್ತಿ ಎರಡು ಸಲ ಕೇಳಿರ್ಬೇಕು, ಒಂದ್ಸಲ ಲಿರಿಕ್ಸ್ ಓದ್ಕೊಂಡು. ಇಂಗ್ಲಿಷ್ ಬರತ್ತೆ ಅಂದ್ಕೊಂಡ್ರೂ ನಮಗೆ ರ‍್ಯಾಪ್ ಇಂಗ್ಲಿಷ್ ಅರ್ಧ ಕಿವಿಗೇ ಬಿದ್ದಿರಲ್ಲ, ನಾನು ಹತ್ತು ವರ್ಷ ತಪ್ಪುತಪ್ಪಾಗಿ ಗುನುಗಿದ ಸಾಲುಗಳಿವೆ. ನನಗೆ ಮೆಟ್ರೋ ಅನುಕೂಲ ಆಯ್ತು. ಇಲ್‌ಮ್ಯಾಟಿಕ್ ಅನ್ನೋ ನಾಸ್ ಆಲ್ಬಮ್ ಹತ್ತೇ ಟ್ರ್ಯಾಕು, ನಲವತ್ತು ನಿಮಿಷದ ಒಳಗೇ ಮುಗಿಯತ್ತೆ, ಬನಶಂಕರೀಲಿ ಗ್ರೀನ್ ಲೈನ್ ಹತ್ತಿ ಪ್ಲೇ ಒತ್ತಿದ್ರೆ ಪೀಣ್ಯದಲ್ಲಿ ಇಳಿಯೋ ಹೊತ್ತಿಗೆ ಕೊನೇ ಹಾಡು. ಮೆಜೆಸ್ಟಿಕ್‌ನಲ್ಲಿ ಆ ನೂಕುನುಗ್ಗಲು ಆಗೋವಾಗ ಸರಿಯಾಗಿ ಮಧ್ಯದ ಹಾಡುಗಳು ಬರ್ತಿದ್ವು, ಈಗ ಆ ಹಾಡು ಎಲ್ಲಿ ಕೇಳಿದ್ರೂ ಕಣ್ಮುಂದೆ ಪ್ಲಾಟ್‌ಫಾರ್ಮ್ ಬರತ್ತೆ. ನಾಸ್ ಅದನ್ನ ಬಿಟ್ಟಿದ್ದು 1994ರ ಏಪ್ರಿಲಲ್ಲಿ, ಇಪ್ಪತ್ತು ವರ್ಷದ ಹುಡುಗ ಆಗ. ಲೈಫ್ಸ್ ಎ ಬಿಚ್ ಅನ್ನೋ ಹಾಡಿನ ಕೊನೇಲಿ ಟ್ರಂಪೆಟ್ ಥರದ ಒಂದು ಕಾರ್ನೆಟ್ ಬರತ್ತಲ್ಲ, ಅದನ್ನ ನುಡಿಸಿರೋದು ನಾಸ್‌ನ ಅಪ್ಪ ಒಲು ದಾರಾ. ಇಷ್ಟು ವರ್ಷ ಕೇಳಿ ನಂಗೆ ಇದು ಗೊತ್ತಿರ್ಲಿಲ್ಲ. ಮಗ ಸಾವಿನ ಬಗ್ಗೆ ಹಾಡಿ ಸುಮ್ಮನಾದ್ಮೇಲೆ ಅಪ್ಪ ನುಡಿಸ್ತಾ ಇದಾನೆ ಅಂತ ಗೊತ್ತಾದ ದಿನ ಯಶವಂತಪುರದ ಹತ್ರ ನಾನು ಆ ಹಾಡನ್ನ ಹಿಂದಕ್ಕೆ ತಗೊಂಡು ಮೂರು ಸಲ ಕೇಳಿದೆ, ಇಳಿಯೋ ಸ್ಟೇಷನ್ನೇ ದಾಟಿಹೋಯ್ತು.

ಎರಡನೇ ನಿಯಮ ಮಾಡಿದ್ದು ಬಿಜಾಪುರದವನು, ನಮ್ಮ ಇಡೀ ಕೆಲ್ಸ ನಿಂತಿರೋದು ಅದ್ರ ಮೇಲೆ. ಒಂದು ಭಾನುವಾರ ನಾನು ಮತ್ತೆ ಮೈಸೂರಿನವನು ಬಿಗ್ಗಿ ಫ್ಲೋ, ಅಂದ್ರೆ ಬೀಟ್ ಮೇಲೆ ಮಾತು ಹರಿಸೋ ರೀತಿ ಬಗ್ಗೆ ಜೋರಾಗಿ ಮಾತಾಡ್ತಿದ್ವಿ, ಅವನ ಫ್ಲೋನೇ ಬೇರೆ ಲೆವೆಲ್ ಗುರು, ಯಾರಿಗೂ ಆಗಲ್ಲ ಅಂತ. ಇವನು ಕಡಲೆಕಾಯಿ ತಿಂತಾ ಕೂತಿದ್ದೋನು, "ಲೇ, ಯಾವ ಹಾಡು, ಎಷ್ಟನೇ ನಿಮಿಷ? ಹಚ್ಚಿ ತೋರ್ಸು. ಸುಮ್ಮ ಬಾಯಿಲೆ ಹೇಳಬ್ಯಾಡ" ಅಂದ. ನಮ್ಮಿಬ್ಬರಿಗೂ ತಕ್ಷಣ ಉತ್ತರ ಬರ್ಲಿಲ್ಲ. ಹತ್ತು ನಿಮಿಷ ಹುಡುಕಿ ಗಿಮ್ಮಿ ದಿ ಲೂಟ್ ಹಾಕಿದ್ವಿ, ಅದ್ರಲ್ಲಿ ಇಬ್ಬರು ಕಳ್ಳರು ಮಾತಾಡ್ಕೊಳ್ತಾರೆ, ಒಬ್ಬನ ದನಿ ತೆಳು, ಇನ್ನೊಬ್ಬನದು ದಪ್ಪ, ಎರಡೂ ಬಿಗ್ಗಿನೇ. ಮೊಬೈಲ್ ಅಂಗಡಿಯವನು ಅಲ್ಲೀವರ್ಗೂ ಅದು ಇಬ್ಬರು ಅಂತಲೇ ತಿಳ್ಕೊಂಡಿದ್ದ. ಹೇಳಿದ್ ಮಾತಿಗೆ ಪುರಾವೆ ಸ್ಪೀಕರಲ್ಲೇ ಸಿಕ್ತು, ಅಲ್ಲಿಗೆ ಜಗಳ ಮುಗೀತು. ಅವತ್ತಿಂದ ಯಾರಾದ್ರೂ ಏನಾದ್ರೂ ಹೊಗಳಿದ್ರೆ ತೆಗಳಿದ್ರೆ ಉಳಿದೋರೆಲ್ಲ ಒಟ್ಟಿಗೆ, ನಿಮಿಷ ಹೇಳು ಅಂತೀವಿ. ಹೇಳೋಕಾಗ್ಲಿಲ್ಲ ಅಂದ್ರೆ ಆ ಮಾತು ಲೆಕ್ಕಕ್ಕಿಲ್ಲ, ಮುಂದಿನ ವಾರ ಹುಡುಕ್ಕೊಂಡು ಬಾ.

ಅವನಿಗೆ ಇದು ಎಲ್ಲಿಂದ ಬಂತು ಅಂತ ಆಮೇಲೆ ಕೇಳಿದೆ. ಅವರೂರ್ ಕಡೆ ಜಾತ್ರೇಲಿ ರಾತ್ರಿ ಪೂರ್ತಿ ಗೀಗೀ ಪದ ನಡೆಯತ್ತೆ, ಹರದೇಶಿ ನಾಗೇಶಿ ಅಂತ ಎರಡು ಪಕ್ಷ, ಒಂದು ಗಂಡಿನ ಪರ, ಇನ್ನೊಂದು ಹೆಣ್ಣಿನ ಪರ, ಒಬ್ಬರು ಪದದಲ್ಲೇ ಸವಾಲ್ ಹಾಕಿದ್ರೆ ಇನ್ನೊಬ್ಬರು ಪದದಲ್ಲೇ ಜವಾಬ್ ಕೊಡ್ಬೇಕು, ದಪ್ಪು, ತುಂತುಣಿ, ಹಿಂದೆ ಗೀಯ ಗೀಯ ಅಂತ ಮೇಳ. ಕೇಳೋಕೆ ಕೂತ ಹಿರೀಕರು ಬೆಳಿಗ್ಗೆ ಚಾ ಕುಡೀತಾ, ಇಂಥಾ ನುಡೀಲಿ ಸೋತಳು, ಇಂಥಾ ನುಡೀಲಿ ಗೆದ್ದ ಅಂತ ನುಡಿ ನುಡಿನೇ ಎತ್ತಿ ಹೇಳ್ತಿದ್ರಂತೆ, ಸುಮ್ಮನೆ ಚೆನ್ನಾಗಿತ್ತು ಅಂದ್ರೆ ಯಾರೂ ಕೇಳ್ತಿರ್ಲಿಲ್ಲ. ಇದನ್ನ ಕೇಳಿದ್ಮೇಲೆ ನಮ್ಮ ಡಿಸ್ ಟ್ರ್ಯಾಕ್ ವಾದನೇ, ಅಂದ್ರೆ ಒಬ್ಬ ರ‍್ಯಾಪರ್ ಇನ್ನೊಬ್ಬನನ್ನ ಹಾಡಲ್ಲೇ ಬೈಯೋ ಹಾಡುಗಳ ವಾದನೇ, ಬದಲಾಯ್ತು. 2001ರಲ್ಲಿ ಜೇ ಜೀ ಟೇಕೋವರ್ ಬಿಟ್ಟ, ಸೆಪ್ಟೆಂಬರ್ 11ಕ್ಕೇ ಬಂದ ಬ್ಲೂಪ್ರಿಂಟ್ ಆಲ್ಬಮಲ್ಲಿ, ಅದೇ ಡಿಸೆಂಬರಲ್ಲಿ ನಾಸ್ ಈಥರ್ ಅಂತ ಜವಾಬ್ ಕೊಟ್ಟ. ಎಲ್ಲ ಕಡೆ ಈಥರ್ ಗೆದ್ದಿದ್ದು ಅಂತಾರೆ. ನಮ್ಮ ಬಿಜಾಪುರದವನು ಎರಡನ್ನೂ ಅಕ್ಕಪಕ್ಕ ಹಾಕಿ ಕೇಳಿ, "ಟೇಕೋವರ್ ಲೆಕ್ಕಾ ಹಾಕಿ ಹೊಡೀತೈತಿ, ಈಥರ್ ಸಿಟ್ಟೀಲೆ ಹೊಡೀತೈತಿ. ಜಾತ್ರ್ಯಾಗ ಆದ್ರ ಮಂದಿ ಈಥರ್‌ಗೆ ಚಪ್ಪಾಳಿ ಹೊಡೀತಾರ, ಹಿರ‍್ಯಾರು ಟೇಕೋವರ್ ಗೆದ್ದತಿ ಅಂತಾರ" ಅಂದ. ನಾನು ಇವತ್ತಿಗೂ ಒಪ್ಪಲ್ಲ, ನನ್ ಓಟು ಈಥರ್‌ಗೇ, ಆದ್ರೆ ಅವನ ಥರ ಯೋಚನೆ ಮಾಡಿ ಹೇಳಿದೋರನ್ನ ನಾನು ನೋಡಿಲ್ಲ.

ಈಗ ನಂಬರ್ ಹಾಕೋ ವಿಷ್ಯ. ಇಲ್ಲಿ ಒಂದು ತಪ್ಪು ಮಾಡಿ ಮೂರು ತಿಂಗಳು ಹಾಳು ಮಾಡ್ಕೊಂಡ್ವಿ. ಎಲ್ಲರೂ ಹತ್ತಕ್ಕೆ ಮಾರ್ಕ್ಸ್ ಕೊಡೋದು, ಕೂಡಿಸಿ ಐದರಿಂದ ಭಾಗಿಸೋದು, ಜಾಸ್ತಿ ಬಂದಿದ್ದು ಮೇಲೆ. ನಾನು ಅಕೌಂಟ್ಸ್ ಕೆಲ್ಸದವನು, ಎಕ್ಸೆಲ್ ಶೀಟ್ ಮಾಡಿ ನೀಟಾಗಿ ಇಟ್ಟಿದ್ದೆ. ಆಮೇಲೆ ನೋಡಿದ್ರೆ ಮೇಲೆ ಬಂದಿದ್ದೆಲ್ಲ ಯಾರಿಗೂ ಬೇಜಾರಿಲ್ಲದ ಯಾರಿಗೂ ಪ್ರಾಣ ಅಲ್ಲದ ಆಲ್ಬಮ್‌ಗಳು, ಎಲ್ಲರಿಂದ ಎಂಟು ಎಂಟು ತಗೊಂಡು ಗೆದ್ದವು. ಪಬ್ಲಿಕ್ ಎನಿಮಿ ಅನ್ನೋ ಗುಂಪಿನ ಇಟ್ ಟೇಕ್ಸ್ ಎ ನೇಶನ್ ಅಂಥದ್ದು, 1988ರದ್ದು, ಸೈರನ್ನು, ಕಿರುಚಾಟ, ಒಂದರ ಮೇಲೊಂದು ಪೇರಿಸಿದ, ಹಳೇ ಹಾಡುಗಳಿಂದ ಕತ್ತರಿಸಿ ತಂದ ಸ್ಯಾಂಪಲ್‌ಗಳು, ಇಬ್ಬರು ಅದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ರು, ಇಬ್ಬರು ತಲೆನೋವು ಅಂತ ನಾಲ್ಕು ಕೊಟ್ಟಿದ್ರು, ಅದು ಹದಿನೆಂಟನೇ ಜಾಗಕ್ಕೆ ಬಿತ್ತು. ಯಾರೂ ಆಮೇಲೆ ಮನೆಗೆ ಹೋಗಿ ಕೇಳದೇ ಇರೋ ಆಲ್ಬಮ್ ಆರನೇ ಜಾಗದಲ್ಲಿ. ಶೀಟ್ ನೋಡಿ ತಂಗಿ, "ಅಣ್ಣಾ, ಇದು ಯಾರ ಲಿಸ್ಟು? ನಮ್ಮಲ್ಲಿ ಯಾರ್ದೂ ಅಲ್ವಲ್ಲ ಇದು" ಅಂದ್ಲು. ಸರಿಯಾಗೇ ಹೇಳಿದ್ಲು.

ಆ ಶೀಟ್ ಬಿಟ್ಟು ಎರಡೆರಡೇ ಎದುರುಬದುರು ಇಡೋಕೆ ಶುರು ಮಾಡಿದ್ವಿ. ಒಂದು ಸಂಜೆಗೆ ಎರಡೇ ಆಲ್ಬಮ್. ಎರಡರಲ್ಲಿ ಒಂದನ್ನ ಮಾತ್ರ ಮನೇಲಿ ಇಟ್ಕೋಬಹುದು ಅಂದ್ರೆ ಯಾವ್ದು, ಯಾಕೆ, ನಿಮಿಷ ಹೇಳು. ಕೈ ಎತ್ತಿ ಓಟು. ಐದು ಜನ ಇರೋದ್ರಿಂದ ಟೈ ಆಗಲ್ಲ. ಗೆದ್ದಿದ್ದನ್ನ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಪೆನ್ಸಿಲಲ್ಲಿ ಬರೀತೀವಿ, ಪೆನ್ನಲ್ಲಿ ಬರೆಯಲ್ಲ, ಎರಡು ವಾರ ಆದ್ಮೇಲೆ ಒಬ್ಬರಾದ್ರೂ ಮನಸ್ಸು ಬದಲಾಯಿಸಿದ್ರೆ ಮತ್ತೆ ಓಟು. ನಿಧಾನ ಆಗತ್ತೆ, ತುಂಬಾ ನಿಧಾನ, ಆದ್ರೆ ನೀವೂ ಮಾಡೋದಾದ್ರೆ ಇದನ್ನೇ ಮಾಡಿ, ಮಾರ್ಕ್ಸ್ ಹಾಕಕ್ಕೆ ಹೋಗ್ಬೇಡಿ.

ಇದ್ರಲ್ಲಿ ಒಂದು ಗಂಟು ಬಂತು. ಇಲ್‌ಮ್ಯಾಟಿಕ್, ಕೆಂಡ್ರಿಕ್‌ನ ಟು ಪಿಂಪ್ ಎ ಬಟರ್‌ಫ್ಲೈ ಆಲ್ಬಮನ್ನ ಸೋಲಿಸ್ತು. ಬಟರ್‌ಫ್ಲೈ, ಔಟ್‌ಕಾಸ್ಟ್ ಅನ್ನೋ ಜೋಡಿಯ ಅಕ್ವೆಮಿನಿನ ಸೋಲಿಸ್ತು. ಅಕ್ವೆಮಿನಿ ಇಲ್‌ಮ್ಯಾಟಿಕ್‌ನ ಸೋಲಿಸ್ತು. ಲೆಕ್ಕದಲ್ಲಿ ಇದು ಆಗ್ಬಾರ್ದು ಅನ್ಸತ್ತೆ, ಆದ್ರೆ ಎದುರಿಗೆ ಯಾವ್ದಿದೆ ಅನ್ನೋದ್ರ ಮೇಲೆ ಕಿವಿ ಬೇರೆ ಬೇರೆ ವಿಷ್ಯ ಹುಡುಕತ್ತೆ. ಕೆಂಡ್ರಿಕ್‌ನ ಬಟರ್‌ಫ್ಲೈ 2015ರದ್ದು, ಅದ್ರಲ್ಲಿ ಹಾಡು ಹಾಡಿನ ನಡುವೆ ಒಂದು ಕವಿತೆ ಒಂದೊಂದೇ ಸಾಲು ಬೆಳೀತಾ ಹೋಗತ್ತೆ, ಕೊನೇ ಹಾಡಲ್ಲಿ ಪೂರ್ತಿ ಓದಿ ಮುಗಿಸ್ದಾಗ ಗೊತ್ತಾಗತ್ತೆ ಅವನು ಅದನ್ನ ಟೂಪಾಕ್‌ಗೆ ಓದಿ ಹೇಳ್ತಿದ್ದ ಅಂತ, ಹಳೇ ಸಂದರ್ಶನದ ಟೂಪಾಕ್ ದನಿ ಉತ್ತರ ಕೊಡತ್ತೆ. ಅಷ್ಟು ದೊಡ್ಡ ಕಟ್ಟಡ. ಇಲ್‌ಮ್ಯಾಟಿಕ್ ಪಕ್ಕ ಇಟ್ರೆ ಮಾತ್ರ, ಅಷ್ಟೆಲ್ಲ ಬೇಕಿತ್ತಾ, ನಲವತ್ತು ನಿಮಿಷದಲ್ಲಿ ಒಂದು ಸಾಲೂ ಕಿತ್ತಾಕೋ ಹಾಗಿಲ್ವಲ್ಲ ಇದ್ರಲ್ಲಿ ಅನ್ಸತ್ತೆ. ಅಕ್ವೆಮಿನಿ ಪಕ್ಕ ಇಟ್ರೆ ಇಲ್‌ಮ್ಯಾಟಿಕ್ ಒಂದೇ ಬೀದಿ, ಒಂದೇ ಕಿಟಕಿ ಅನ್ಸತ್ತೆ. ಮೂರನ್ನೂ ಒಂದು ವೃತ್ತ ಬರೆದು ಅದರೊಳಗೆ ಹಾಕಿ ಮೇಲೆ ಬಿಟ್ಟಿದೀವಿ. ಬಿಡಿಸಕ್ಕೆ ಹೋಗಿಲ್ಲ.

ಸ್ಪೀಕರ್ ಬಗ್ಗೆ ಹೇಳ್ಲೇಬೇಕು. ಮೊದಮೊದಲು ಫೋನಲ್ಲೇ ಕೇಳ್ತಿದ್ವಿ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನ ಲೋ ಎಂಡ್ ಥಿಯರಿ ಹೆಸರಲ್ಲೇ ಬೇಸ್ ಇದೆ, ಲೋ ಎಂಡ್ ಅಂದ್ರೆ ಬೇಸೇ, 1991ರ ಆ ಆಲ್ಬಮಲ್ಲಿ ಜ್ಯಾಝ್ ದೊಡ್ಡವರು ರಾನ್ ಕಾರ್ಟರ್ ಬಂದು ಒಂದು ಹಾಡಿಗೆ ಡಬಲ್ ಬೇಸ್ ನುಡಿಸಿದಾರೆ, ಫೋನ್ ಸ್ಪೀಕರಲ್ಲಿ ಅದರ ಸುಳಿವೇ ಇಲ್ಲ, ನಮಗೆ ಸಪ್ಪೆ ಅನ್ನಿಸಿ ಕೆಳಗೆ ತಳ್ಳಿದ್ವಿ. ಅಂಗಡಿ ಗೆಳೆಯ ಎಸ್‌ಪಿ ರೋಡಿಂದ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ಒಂದು, ಎರಡು ಮರದ ಬಾಕ್ಸ್ ಸ್ಪೀಕರ್ ತಂದು ಸೋಲ್ಡರ್ ಮಾಡಿ ರೆಡಿ ಮಾಡ್ದ. ಅವತ್ತು ಅದೇ ಆಲ್ಬಮ್ ಹಾಕಿದ್ರೆ ನೀರಿನ ಟ್ಯಾಂಕ್ ಮುಚ್ಚಳ ಅದುರ್ತಿತ್ತು. ಎಲ್ಲರೂ ಸುಮ್ಮನಾಗ್ಬಿಟ್ವಿ. ಬೇಸ್ ಬರದ ಸ್ಪೀಕರಲ್ಲಿ ಕೇಳಿ ಹಾಕಿದ್ದ ಓಟುಗಳನ್ನೆಲ್ಲ ರದ್ದು ಮಾಡಿ ಮತ್ತೆ ಕೇಳಿದ್ವಿ, ಈಗ ಅದು ನಮ್ಮ ಲಿಸ್ಟಲ್ಲಿ ಐದನೇದು.

ಅದೇ ಗೆಳೆಯ ಇನ್ನೊಂದು ಕೆಲ್ಸ ಮಾಡಿ ತೋರಿಸ್ದ. ಬ್ರೇಕ್ ಅಂದ್ರೇನು ಅಂತ ತಂಗಿ ಕೇಳಿದ್ದಕ್ಕೆ ಅಂಗಡೀಲಿದ್ದ ಎರಡು ಫೋನ್ ತಂದು ಎರಡರಲ್ಲೂ ಒಂದೇ ಹಾಡು ಹಾಕಿ, ಬರೀ ಡ್ರಮ್ ಬರೋ ಜಾಗ ಒಂದರಲ್ಲಿ ಮುಗಿಯೋ ಹೊತ್ತಿಗೆ ಇನ್ನೊಂದರಲ್ಲಿ ಶುರು, ಅದು ಮುಗಿಯೋ ಅಷ್ಟರಲ್ಲಿ ಮೊದಲನೇದನ್ನ ಹಿಂದಕ್ಕೆ. ಹತ್ತು ಸೆಕೆಂಡಿನ ಡ್ರಮ್ಮು ಎರಡು ನಿಮಿಷ ಆಯ್ತು. 1973ರ ಆಗಸ್ಟ್ 11ಕ್ಕೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಅನ್ನೋ ಬಿಲ್ಡಿಂಗಲ್ಲಿ, ತನ್ನ ತಂಗಿ ಇಟ್ಕೊಂಡಿದ್ದ ಪಾರ್ಟಿಗೆ ರೆಕಾರ್ಡ್ ಹಾಕ್ತಿದ್ದ ಡಿಜೆ ಕೂಲ್ ಹರ್ಕ್ ಈ ಥರ ಬ್ರೇಕ್‌ಗಳನ್ನೇ ಹಿಡಿದು ಕುಣಿಸ್ತಿದ್ದ, ಒಂದೇ ರೆಕಾರ್ಡಿನ ಎರಡು ಕಾಪಿ ಇಟ್ಕೊಂಡು ಬ್ರೇಕನ್ನ ಉದ್ದ ಮಾಡೋದು ಅವನ ಕೈಚಳಕ. ಅಲ್ಲಿಂದಲೇ ಎಲ್ಲ ಅಂತ ಹೇಳ್ತಾರೆ. ಪಾರ್ಟಿ ಇಟ್ಟಿದ್ದು ತಂಗಿ ಅನ್ನೋದನ್ನ ನನ್ನ ತಂಗಿ ಚೆನ್ನಾಗಿ ನೆನಪಿಟ್ಕೊಂಡಿದಾಳೆ.

ಡಿ ಲಾ ಸೋಲ್ ಅನ್ನೋ ಗುಂಪಿನ ವಿಷ್ಯದಲ್ಲಿ ಕಲಿತಿದ್ದೇ ಬೇರೆ. ಅವರ 1989ರ ಥ್ರೀ ಫೀಟ್ ಹೈ ಆಂಡ್ ರೈಸಿಂಗ್, ಸ್ಯಾಂಪಲ್ ಹಕ್ಕುಗಳ ತಕರಾರಲ್ಲಿ ವರ್ಷಗಟ್ಟಲೆ ಸ್ಟ್ರೀಮಿಂಗಲ್ಲೇ ಇರ್ಲಿಲ್ಲ, 2023ರ ಮಾರ್ಚಲ್ಲಿ ಬಂತು. ನಮ್ಮಲ್ಲಿ ಚಿಕ್ಕೋರು ಅದನ್ನ ಕೇಳೇ ಇರ್ಲಿಲ್ಲ, ನಾನು ಕಾಲೇಜಲ್ಲಿದ್ದಾಗ ಮೆಜೆಸ್ಟಿಕ್ ಹತ್ರ ನ್ಯಾಷನಲ್ ಮಾರ್ಕೆಟಲ್ಲಿ ತಗೊಂಡಿದ್ದ ಎಂಪಿತ್ರೀ ಸೀಡೀಲಿ ಅದರ ಅರ್ಧ ಹಾಡು ಮಾತ್ರ ಇತ್ತು. ಕೈಗೆ ಸಿಗದೇ ಇದ್ದದ್ದು ಲಿಸ್ಟಿಂದ ತಾನಾಗೇ ಬಿದ್ದೋಗತ್ತೆ, ಕೆಟ್ಟದ್ದು ಅಂತ ಯಾರೂ ಹೇಳಿರಲ್ಲ. ಸ್ಯಾಂಪಲ್ ಅಂದ್ರೆ ನಮಗೂ ಸಂಬಂಧ ಇದೆ. 2002ರಲ್ಲಿ ಟ್ರೂತ್ ಹರ್ಟ್ಸ್ ಅನ್ನೋ ಗಾಯಕಿಯ ಅಡಿಕ್ಟಿವ್ ಬಂತು, ರ‍್ಯಾಪರ್ ರಕೀಮ್ ಅದ್ರಲ್ಲಿ ಒಂದು ವರ್ಸ್, ಅಂದ್ರೆ ಒಂದು ಚರಣ ಹೇಳಿದಾನೆ, ಹಿಂದೆ ಕೇಳ್ಸೋದು ಲತಾ ಮಂಗೇಶ್ಕರ್ ದನಿ. ಅನುಮತಿ ಕೇಳದೇ ಬಳಸಿದ್ರು ಅಂತ ಕೋರ್ಟ್ ಕೇಸೂ ಆಯ್ತು. ಆ ಹಾಡು ಹಾಕ್ದಾಗ ಕೆಳಗಿಂದ ನಮ್ಮಮ್ಮ, "ಲತಾದು ಯಾಕೆ ಹಿಂಗೆ ಕುಟ್ಟುತಾವ್ರೆ" ಅಂತ ಕೂಗಿದ್ರು.

ಅಮ್ಮನ ಓಟು ಲೆಕ್ಕಕ್ಕಿಲ್ಲ, ಆದ್ರೆ ಒಂದು ಸಲ ಅವರಿಂದಾನೇ ನನ್ನ ಓಟು ಬದಲಾಯ್ತು. ಕೆಂಡ್ರಿಕ್‌ನ ಗುಡ್ ಕಿಡ್ ಮ್ಯಾಡ್ ಸಿಟಿ ನಡೀತಿತ್ತು, 2012ರದ್ದು, ಕಾಂಪ್ಟನ್‌ನ ಹುಡುಗ ಅಮ್ಮನ ವ್ಯಾನ್ ತಗೊಂಡು ಹೋಗಿ ಒಂದು ದಿನದಲ್ಲಿ ಏನೇನಾಯ್ತು ಅನ್ನೋ ಕಥೆ. ನಡುನಡುವೆ ಅವರಮ್ಮ ಫೋನಲ್ಲಿ ಮೆಸೇಜ್ ಬಿಟ್ಟಿರೋದು ಬರತ್ತೆ. ನಮ್ಮಮ್ಮ ಒಣಗಾಕಿದ್ದ ಸಂಡಿಗೆ ತಗೊಂಡು ಹೋಗಕ್ಕೆ ಬಂದವರು, ಇಂಗ್ಲಿಷ್ ಅಷ್ಟಕ್ಕಷ್ಟೇ, ನಿಂತು, "ಯಾರದು, ಅವನ ತಾಯಿನಾ?" ಅಂದ್ರು. ಹೂಂ, ವ್ಯಾನ್ ವಾಪಸ್ ತಗೊಂಡ್ ಬಾರೋ ಅಂತಿದಾರೆ ಅಂದೆ. "ವ್ಯಾನಿಗಲ್ಲ ಕಣೋ ಆಯಮ್ಮ ಫೋನ್ ಮಾಡಿರೋದು" ಅಂದ್ರು, ಸಂಡಿಗೆ ಮೊರ ಕೈಯಲ್ಲಿಟ್ಕೊಂಡು ಗೋಡೆಗೆ ಒರಗಿ ಕೊನೇವರ್ಗೂ ಕೇಳಿದ್ರು. ಕೊನೇ ಕೊನೇಲಿ ಆ ತಾಯಿ ಮತ್ತೆ ಬರ್ತಾಳೆ, ನೀನು ಒಳ್ಳೇ ಮನುಷ್ಯ ಆಗಿ ವಾಪಸ್ ಬಾ, ನಿನ್ನ ಕಥೆನ ಇಲ್ಲಿನ ಮಕ್ಕಳಿಗೆ ಹೇಳು ಅನ್ನೋ ಥರದ ಮಾತು. ನಾನು ಅಲ್ಲೀವರ್ಗೂ ಆ ಫೋನ್ ಮೆಸೇಜ್‌ಗಳನ್ನ ಹಾಡುಗಳ ನಡುವಿನ ಸ್ಕಿಟ್ ಅಂತ ಮುಂದಕ್ಕೆ ಓಡಿಸ್ತಿದ್ದೆ. ಆ ಆಲ್ಬಮ್ ಅವತ್ತು ರೆಡಿ ಟು ಡೈ ಎದುರು ಇತ್ತು, ನಾನು ಬಿಗ್ಗಿಗೆ ಹಾಕ್ಬೇಕು ಅಂತ ಕೂತಿದ್ದೋನು ಕೈ ಈ ಕಡೆ ಎತ್ತಿದೆ. ಮೂರು ಎರಡರಲ್ಲಿ ಗೆಲ್ತು.

ರ‍್ಯಾಪರ್‌ಗಳ ಲಿಸ್ಟೇ ಬೇರೆ ಇಡ್ಬೇಕು, ಆಲ್ಬಮ್ ಲಿಸ್ಟ್ ನೋಡಿ ರ‍್ಯಾಪರ್ ಲಿಸ್ಟ್ ಮಾಡಕ್ಕಾಗಲ್ಲ. ಲಾರಿನ್ ಹಿಲ್ ವಿಷ್ಯದಲ್ಲಿ ಇದು ಗೊತ್ತಾಯ್ತು. ಒಬ್ಬಳೇ ಮಾಡಿದ ಸ್ಟುಡಿಯೋ ಆಲ್ಬಮ್ ಒಂದೇ ಒಂದು, ಅದು 1999ರಲ್ಲಿ ಗ್ರ್ಯಾಮಿಯ ವರ್ಷದ ಆಲ್ಬಮ್ ಪ್ರಶಸ್ತಿ ತಗೊಳ್ತು, ಹಿಪ್‌ಹಾಪ್‌ಗೆ ಅದು ಮೊದಲನೇದು. ಆದ್ರೂ ಒಂದೇ ಆಲ್ಬಮ್ ಇರೋರನ್ನ ಟಾಪ್ ಫೈವ್‌ಗೆ ಹೆಂಗ್ ಹಾಕೋದು, ಅದ್ರಲ್ಲೂ ಅರ್ಧ ಹಾಡುಗಾರಿಕೆ ಅಂತ ನಾವು ಹುಡುಗರೆಲ್ಲ ಬೇಡ ಅಂದ್ವಿ. ತಂಗಿ ಬಿಡ್ಲಿಲ್ಲ. ಲಾರಿನ್ ಇದ್ದ ಫ್ಯೂಜೀಸ್ ಗುಂಪಿನ 1996ರ ದಿ ಸ್ಕೋರ್ ಹಾಕಿ, ರೆಡಿ ಆರ್ ನಾಟ್‌ನಲ್ಲಿ ಅವಳ ವರ್ಸ್ ತಂದು ನಿಲ್ಲಿಸಿ, ಇದನ್ನ ಬಿಟ್ಟು ನೀವು ಹೇಳೋ ಐದೂ ಜನರಲ್ಲಿ ಯಾರಾದ್ರೂ ಒಬ್ಬರು ರ‍್ಯಾಪ್ ಮಾಡಿ ಅದೇ ಉಸಿರಲ್ಲಿ ಕೋರಸ್ ಹಾಡಿರೋದು ನಿಮಿಷ ಸಮೇತ ತೋರ್ಸಿ ಅಂದ್ಲು. ಅದೂ ಅಲ್ದೆ ಔಟ್‌ಕಾಸ್ಟ್‌ನ ಆಂಡ್ರೆ ತ್ರೀ ಥೌಸಂಡ್‌ನ ನೀವು ಹಾಕಿದೀರಲ್ಲ, ಅವನು ಒಬ್ಬನೇ ಮಾಡಿದ ರ‍್ಯಾಪ್ ಆಲ್ಬಮ್ ಯಾವ್ದು ಅಂತ ಕೇಳಿದ್ಲು. 2023ರಲ್ಲಿ ಅವನು ಒಬ್ಬನೇ ಬಿಟ್ಟಿದ್ದು ಕೊಳಲಿನ ಆಲ್ಬಮ್, ಅದ್ರಲ್ಲಿ ರ‍್ಯಾಪೇ ಇಲ್ಲ. ನಮ್ಮ ಹತ್ರ ಉತ್ತರ ಇರ್ಲಿಲ್ಲ. ಈಗ ರಕೀಮ್, ಆಂಡ್ರೆ, ನಾಸ್, ಕೆಂಡ್ರಿಕ್, ಲಾರಿನ್, ಇದೇ ಸಾಲಲ್ಲಿ ಇದೆ, ಜೇ ಜೀ ಆರನೇದು ಅಂತ ಮೈಸೂರಿನವನಿಗೆ ಇನ್ನೂ ಬೇಜಾರಿದೆ.

ರಕೀಮ್ ಯಾಕೆ ಮೊದಲು ಅಂತ ತುಂಬಾ ಜನ ಕೇಳ್ತಾರೆ. 1987ರ ಪೇಡ್ ಇನ್ ಫುಲ್‌ಗಿಂತ ಮುಂಚಿನ ರ‍್ಯಾಪ್ ಕೇಳಿ, ಆಮೇಲೆ ಅದನ್ನ ಕೇಳಿ, ಅಷ್ಟೇ ಸಾಕು. ಮುಂಚೆ ಹೆಚ್ಚಿನೋರು ಸಾಲಿನ ಕೊನೇಲಿ ಮಾತ್ರ ಪ್ರಾಸ ಇಟ್ಟು ಜೋರಾಗಿ ಹೇಳ್ತಿದ್ರು, ಇವನು ಕಿರುಚದೆ, ಸಾಲಿನ ಹೊಟ್ಟೆ ಒಳಗೆ ಪ್ರಾಸ ಇಟ್ಟ, ಸಾಲನ್ನ ಬೀಟ್ ಮುಗಿಯೋ ಜಾಗದಲ್ಲಿ ಮುಗಿಸದೆ ಮುಂದಕ್ಕೆ ಎಳೆದ. ಸ್ಯಾಕ್ಸಫೋನ್ ನುಡಿಸ್ತಿದ್ದ ಹುಡುಗ, ಆ ಉಸಿರು ಅಲ್ಲಿ ಕೇಳತ್ತೆ.

ಪ್ರಾಸದ ಮಾತು ಬಂದಿದ್ದಕ್ಕೆ ಕನ್ನಡದ ಲಿಸ್ಟ್ ವಿಷ್ಯ ಹೇಳ್ತೀನಿ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕನ್ನಡ ರ‍್ಯಾಪನ್ನ ಅಮೆರಿಕದ್ದರ ಜೊತೆ ಒಂದೇ ತಕ್ಕಡೀಲಿ ಇಡಕ್ಕೆ ನೋಡಿ ಸೋತ್ವಿ. ಕಾರಣ ಭಾಷೆ. ನಮ್ಮಲ್ಲಿ ಕ್ರಿಯಾಪದ ಕೊನೇಲಿ ಬರತ್ತೆ, ಬರ್ತೀನಿ, ತರ್ತೀನಿ, ಇರ್ತೀನಿ, ನೋಡ್ಕೋತೀನಿ, ಸಾಲಿನ ಕೊನೇ ಪ್ರಾಸ ಪುಕ್ಕಟೆ ಸಿಗತ್ತೆ. ಇಂಗ್ಲಿಷಲ್ಲಿ ಅದನ್ನ ಹುಡುಕಬೇಕು. ಹಾಗಾಗಿ ಕನ್ನಡದಲ್ಲಿ ಕೊನೇ ಪ್ರಾಸಕ್ಕೆ ನಾವು ಓಟೇ ಹಾಕಲ್ಲ ಅಂತ ತೀರ್ಮಾನ ಮಾಡಿದ್ವಿ. ನಮ್ಮ ಹಳಗನ್ನಡದ ಕವಿಗಳಿಗೆ ಇದು ಗೊತ್ತಿತ್ತು ಅಂತ ಕಾಣತ್ತೆ, ಅವರು ಪ್ರಾಸ ಇಟ್ಟಿದ್ದು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ, ಆದಿಪ್ರಾಸ. ಸ್ಕೂಲಲ್ಲಿ ಮಾತ್ರೆ ಲೆಕ್ಕ ಹಾಕೋವಾಗ ಬೈಕೊಂಡು ಕಲಿತಿದ್ದು ಈಗ ಉಪಯೋಗಕ್ಕೆ ಬಂತು. ಕತ್ರಿಗುಪ್ಪೆ, ರಾತ್ರಿ ಸಪ್ಪೆ ಅಂತ ಅಂಗಡಿ ಗೆಳೆಯ ಒಂದಿನ ಸುಮ್ಮನೆ ಹೇಳ್ದ, ಎರಡನೇ ಅಕ್ಷರದಲ್ಲೂ ಕೂಡತ್ತೆ, ಕೊನೇಲೂ ಕೂಡತ್ತೆ, ಕ್ರಿಯಾಪದ ಇಲ್ಲ. ಅಂಥ ಸಾಲು ಎಷ್ಟಿವೆ ಅಂತ ಕನ್ನಡ ಹಾಡುಗಳಲ್ಲಿ ಹುಡುಕೋದು ನಮ್ಮ ಅಳತೆ. ಆಲ್ ಓಕೆ, ಚಂದನ್ ಶೆಟ್ಟಿ, ಎಂಸಿ ಬಿಜ್ಜು, ರಾಹುಲ್ ಡಿಟ್ಟೋ, ಇವರ ಹಾಡುಗಳನ್ನೆಲ್ಲ ಈ ಅಳತೇಲಿ ಮತ್ತೆ ಕೇಳ್ತಾ ಇದೀವಿ, ಪಾರ್ಟೀಲಿ ಕುಣಿಯೋವಾಗ ಗಮನಕ್ಕೆ ಬರದೇ ಇದ್ದ ಎಷ್ಟೋ ಜಾಗ ಸಿಕ್ತಿದೆ. ಇದು ಆಲ್ಬಮ್ ಲಿಸ್ಟ್ ಅಲ್ಲ, ಹಾಡುಗಳ ಲಿಸ್ಟು, ಯಾಕಂದ್ರೆ ಕನ್ನಡದಲ್ಲಿ ಹೆಚ್ಚಾಗಿ ಬಂದಿರೋದು ಬಿಡಿ ಹಾಡುಗಳೇ. ಹಿಂದಿ ಪಂಜಾಬೀಲಿ ಆಲ್ಬಮ್ ಆಗೇ ಕೂತು ಕೇಳೋವಂಥದ್ದು ಬಂದಿದೆ, ಪ್ರಭ್ ದೀಪ್‌ನ 2017ರ ಕ್ಲಾಸ್ ಸಿಖ್, ಸೀಧೆ ಮೌತ್‌ನ 2018ರ ಬಯಾನ್, ಇವೆರಡೂ ದೇಶದ ಲಿಸ್ಟಲ್ಲಿ ಮೇಲಿವೆ. ಕನ್ನಡದಲ್ಲಿ ಅಂಥ ಒಂದು ನಲವತ್ತು ನಿಮಿಷಕ್ಕೆ ನಾನು ಕಾಯ್ತಾ ಇದೀನಿ.

ಬೆಂಗಳೂರು ಅಂದ್ಮೇಲೆ ಇಂಗ್ಲಿಷಲ್ಲಿ ರ‍್ಯಾಪ್ ಹೇಳೋರನ್ನ ಏನ್ ಮಾಡೋದು ಅನ್ನೋದೂ ಒಂದು ದೊಡ್ಡ ವಾದ. ಬ್ರೋಧಾ ವಿ 2012ರಲ್ಲಿ ಆತ್ಮರಾಮ ಬಿಟ್ಟಾಗ ನಾವೆಲ್ಲ ಹುಚ್ಚೆದ್ದು ಕೇಳಿದ್ವಿ, ರ‍್ಯಾಪು ಇಂಗ್ಲಿಷು, ಕೋರಸ್ಸು ರಾಮನ ಸ್ತುತಿ. ಹನುಮಾನ್‌ಕೈಂಡ್ ಹುಟ್ಟಿದ್ದು ಕೇರಳ, ಬೆಳೆದಿದ್ದು ಹ್ಯೂಸ್ಟನ್ನು, ರ‍್ಯಾಪರ್ ಆಗಿದ್ದು ಬೆಂಗಳೂರಲ್ಲಿದ್ದು. ಅವನ 2024ರ ಹಾಡು ಬಿಗ್ ಡಾಗ್ಸ್ ಅಮೆರಿಕದ ಹಿಟ್ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ ಹಂಡ್ರೆಡ್‌ನಲ್ಲಿ 23ಕ್ಕೆ ಏರ್ತು, ವೀಡಿಯೋಲಿ ಜಾತ್ರೆಯ ಮೃತ್ಯುಕೂಪ. ಮೈಸೂರಿನವನು ಇದು ನಮ್ಮೂರ್ದು ಅಂತಾನೆ, ಬಿಜಾಪುರದವನು, "ಊರು ನಿಮ್ದು, ಮಾತು ನಿಮ್ದಲ್ಲ" ಅಂತಾನೆ. ಎರಡು ಲಿಸ್ಟ್ ಮಾಡಿದ್ವಿ, ಒಂದು ಬೆಂಗಳೂರಿಂದು, ಒಂದು ಕನ್ನಡದ್ದು. ಎರಡರಲ್ಲೂ ಇರೋ ಹೆಸರುಗಳಿಗೆ ಕೆಂಪು ಪೆನ್ಸಿಲ್.

ಹೊಸ ಹಾಡುಗಳಿಗೆ ಒಂದು ವರ್ಷ ಕಾಯೋ ನಿಯಮ ಇದೆ. ಕೆಂಡ್ರಿಕ್‌ನ ನಾಟ್ ಲೈಕ್ ಅಸ್ 2024ರ ಮೇ ತಿಂಗಳಲ್ಲಿ ಬಂದಾಗ ಆ ವಾರನೇ ಒಂದನೇ ನಂಬರ್ ಕೊಡಿ ಅಂತ ಗಲಾಟೆ ಆಯ್ತು, ಮುಂದಿನ ಫೆಬ್ರವರೀಲಿ ಅದಕ್ಕೆ ಐದು ಗ್ರ್ಯಾಮಿ ಬಂತು, ಮತ್ತೆ ಗಲಾಟೆ. ವರ್ಷ ಆದ್ಮೇಲೆ ಹಾಡುಗಳ ಲಿಸ್ಟಲ್ಲಿ ಅದು ಪೀಟ್ ರಾಕ್, ಸಿಎಲ್ ಸ್ಮೂತ್ ಅವರ 1992ರ ದೇ ರೆಮಿನಿಸ್ ಓವರ್ ಯೂ ಎದುರು ಬಂತು. ತೀರಿಹೋದ ಗೆಳೆಯನಿಗೆ ಅಂತ ಮಾಡಿದ ಹಾಡು ಅದು, ಆ ಸ್ಯಾಕ್ಸಫೋನ್ ಶುರು ಆದ ತಕ್ಷಣ ಐದೂ ಕೈ ಒಂದೇ ಕಡೆ. ಯಾರೂ ನಿಮಿಷ ಹೇಳು ಅಂತ ಕೇಳ್ಲಿಲ್ಲ, ಅಷ್ಟೂ ದಿನದಲ್ಲಿ ಅದೊಂದೇ ಸಲ.

ಈ ಭಾನುವಾರ ರ‍್ಯಾಪರ್ ಡೂಮ್‌ನ ಮ್ಯಾಡ್‌ವಿಲನಿ ಆಲ್ಬಮ್ ಎದುರು ರೆಡಿ ಟು ಡೈ. ಡೂಮ್ ಪರ ನಾನೇ ಮಾತಾಡ್ಬೇಕು, ಇಪ್ಪತ್ತೆರಡು ಟ್ರ್ಯಾಕು, ಎಷ್ಟೋದಕ್ಕೆ ಕೋರಸ್ಸೇ ಇಲ್ಲ, ಬಿಜಾಪುರದವನಿಗೆ ಅದು ಇಷ್ಟ ಆಗಿಲ್ಲ ಅಂತ ಗೊತ್ತು. ಅಕಾರ್ಡಿಯನ್ ಅನ್ನೋ ಹಾಡಲ್ಲಿ ಮೊದಲನೇ ನಿಮಿಷದೊಳಗೆ ನಾಲ್ಕು ಜಾಗ ಬರ್ಕೊಂಡಿದೀನಿ. ಮಳೆ ಬಂದ್ರೆ ಅಂಗಡೀಲಿ ಸೇರ್ತೀವಿ, ಶಟರ್ ಅರ್ಧ ಎಳ್ಕೊಂಡು.